ಫೀಜಿಯ ಕಾಲ್ಚೆಂಡಿನ ತಂಡ

ನಮ್ಮ ವಿಜಯಪುರದ ಸೀಮೆಯಲ್ಲಿ ಗಿರಮಿಟ್ಟೆಂದರೆ ಅರಿಯದವರಾರು? ಚುರುಮುರಿಗೆ ಹೆಚ್ಚಿದ ಉಳ್ಳಾಗಡ್ಡಿ, ಹುಣಿಸೆಯ ಹುಳಿ, ತುಸು ಬೆಲ್ಲ, ಪುಠಾಣಿಯ ಹಿಟ್ಟು ಇವುಗಳನ್ನು ಕಲಸಿ, ಮೇಲೆ ಕೊತ್ತಂಬರಿಯನ್ನುದುರಿಸಿ, ಬದಿಗೊಂದು ಮೆಣಸಿನಕಾಯಿಯ ಬಜಿಯನ್ನಿಟ್ಟು ಕೊಟ್ಟರೆ, ಸಂತೆಯಿಂದ ದಣಿದು ಬಂದವನ ಮುಖವು ತಾನಾಗಿಯೇ ಅರಳುವದು. ಆದರೆ ಇದೇ ಸಪ್ಪಳದ ಇನ್ನೊಂದು ಮಾತು ಏಳು ಸಮುದ್ರಗಳಾಚೆಗೆ, ಶಾಂತಮಹಾಸಾಗರದ ಫೀಜಿ ದ್ವೀಪಗಳಲ್ಲಿ, ಒಂದುನೂರಾ ನಾಲ್ವತ್ತು ವರ್ಷಗಳಿಂದ ಬಳಕೆಯಲ್ಲಿರುವದು. ಅಲ್ಲಿ ‘ಗಿರ್‌ಮಿಟ್’ ಎಂದರೆ ತಿನ್ನುವ ಪದಾರ್ಥವಲ್ಲ; ಮನುಷ್ಯರನ್ನೇ ತಿಂದ ಒಂದು ಕರಾರುಪತ್ರ. ಆಂಗ್ಲರು ‘ಅಗ್ರಿಮೆಂಟ್’ ಎಂದು ಹೇಳಿದ್ದನ್ನು ಓದುಬರಹವರಿಯದ ನಮ್ಮ ದೇಶದ ಕೂಲಿಗಳು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಗಿರ್‌ಮಿಟ್ ಎಂದರು. ಆ ಕರಾರಿಗೆ ಹೆಬ್ಬೆಟ್ಟನ್ನೊತ್ತಿ ಹೋದವರು ‘ಗಿರ್‌ಮಿಟಿಯಾ’ ಎನಿಸಿಕೊಂಡರು. ಈ ಗಿರ್‌ಮಿಟಿಯಾಗಳ ಮಕ್ಕಳು ಮೊಮ್ಮಕ್ಕಳಿಗೂ ಆ ನೆಲದ ಮೂಲನಿವಾಸಿಗಳಿಗೂ ಸಂಬಂಧಿಸಿದ ಒಂದು ಕಾಲ್ಚೆಂಡಿನ ತಂಡದ ಕಥೆಯನ್ನು ಇಂದು ವಾಚಕರ ಮುಂದಿಡಬೇಕೆಂದು ಮನಸ್ಸಾಗಿದೆ.

ಕಾಲ್ಚೆಂಡು ನಮ್ಮ ಸೀಮೆಯ ಆಟವಲ್ಲ. ಇಲ್ಲಿ ಗರಡಿಯುಂಟು, ಹುತುತು ಉಂಟು, ಖೋಖೋ ಉಂಟು. ಹೀಗಿರಲು ಈ ಕಥೆಯ ಎಳೆಯು ನನ್ನ ಕೈಗೆ ದೊರೆತ ಬಗೆಯನ್ನು ಮೊದಲು ಹೇಳಿಬಿಡುವದು ಒಳಿತು. ೨೦೨೨ನೆಯ ಇಸವಿಯ ಕೊನೆಗೆ, ಒಂದು ಸಂಜೆ, ಹೂವಿನ ಹಿಪ್ಪರಗಿಯ ಒಂದು ಚಹದ ಅಂಗಡಿಯಲ್ಲಿ ಕುಳಿತಿದ್ದೆನು. ಗೋಡೆಗೆ ತೂಗಹಾಕಿದ್ದ ದೂರದರ್ಶನದ ಪೆಟ್ಟಿಗೆಯಲ್ಲಿ ಬೆಂಗಳೂರಿನ ತಂಡದವರು ನೀಲಿ ಅಂಗಿಯನ್ನು ತೊಟ್ಟು ಕಾಲ್ಚೆಂಡು ಆಡುತ್ತಲಿದ್ದರು. ಚೆಂಡಿನ ಹಿಂದೆ ಬಿರುಗಾಳಿಯಂತೆ ಓಡುತ್ತಿದ್ದ ಒಬ್ಬನ ಬೆನ್ನ ಮೇಲಿನ ಹೆಸರನ್ನು ಅಂಗಡಿಯ ಹುಡುಗನು ‘ಕೃಷ್ಣ’ ಎಂದು ಓದಿ ಹೇಳಿದನು. ಮೂಲೆಯಲ್ಲಿ ಕುಳಿತಿದ್ದ ಮುದುಕರೊಬ್ಬರು ಕಣ್ಣನ್ನು ಕಿರಿದು ಮಾಡಿ ನೋಡಿ, “ತಮ್ಮಾ, ಈ ಕೃಷ್ಣ ಯಾವ ಊರಾಂವೋ?” ಎಂದು ಕೇಳಿದರು.

“ಫೀಜಿ ದೇಶದಾಂವರೀ ಅಜ್ಜಾರ.”

“ಹೆಸರು ನಮ್ಮದೈತಿ, ದೇಶ ಹೊರಗಿಂದು ಹೇಳ್ತೀಯಲ್ಲ?”

“ಅಲ್ಲಿ ಇರೂ ನಮ್ಮ ಮಂದಿ ಕಬ್ಬಿನ ಕೆಲಸಕ್ಕ ಹೋದವರಂತ್ರೀ. ಮುತ್ತ್ಯಾನ ಕಾಲದಾಗ.”

ಮುದುಕರು ಬಸಿಯೊಳಗಿನ ಚಹವನ್ನು ಹೀರಿ, “ಹಂಗಂದ್ರ ಗುಳೇ ಹೋದವರ ಮೊಮ್ಮಗ ಅನ್ನು” ಎಂದು ಸುಮ್ಮನಾದರು.

ಆ ಒಂದು ಮಾತು ನನ್ನ ಮನಸ್ಸಿನಲ್ಲಿ ನಾಟಿಕೊಂಡಿತು. ಗುಳೇ ಹೋಗುವದೆಂದರೆ ಏನೆಂಬುದನ್ನು ಈ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಳೆಯು ಕೈಗೊಡಲು, ಮನೆಯ ಬಾಗಿಲಿಗೆ ಬೀಗವನ್ನು ಹಾಕಿ, ಮುದುಕರನ್ನು ಬಿಟ್ಟು, ಕೂಸನ್ನು ಕಂಕುಳಲ್ಲಿರಿಸಿಕೊಂಡು, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೂ ಕಟ್ಟಡದ ಕೆಲಸಕ್ಕೆ ಗೋವೆಗೂ ಬೆಂಗಳೂರಿಗೂ ಹೊರಟ ಸಂಸಾರಗಳನ್ನು ನಾವು ಕಣ್ಣಾರೆ ಕಂಡವರು. ಮುದುಕರು ಒಂದೇ ಮಾತಿನಲ್ಲಿ ಫೀಜಿಯ ಚರಿತ್ರೆಯನ್ನು ಹೇಳಿದಂತಾಯಿತು. ಉಳಿದುದನ್ನು ನಾನು ಓದಿ ಕೂಡಿಸಿದೆನು.

ಫೀಜಿಯು ಬೆಂಗಳೂರಿನಿಂದ ಹನ್ನೊಂದು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ದ್ವೀಪಗಳ ಸಮೂಹ. ಚಿಕ್ಕ ದೊಡ್ಡವೆಲ್ಲ ಕೂಡಿ ಮುನ್ನೂರಕ್ಕೂ ಹೆಚ್ಚು ದ್ವೀಪಗಳಿದ್ದರೂ ಜನರು ವಾಸಿಸುವವು ನೂರರ ಆಸುಪಾಸು ಮಾತ್ರ. ಅವುಗಳಲ್ಲಿ ವೀತಿ ಲೇವು, ವನುವಾ ಲೇವು ಎಂಬೆರಡೇ ದೊಡ್ಡವು. ಇಡೀ ರಾಷ್ಟ್ರದ ಜನಸಂಖ್ಯೆಯು ಒಂಬತ್ತು ಲಕ್ಷದ ಸುಮಾರು. ನಮ್ಮ ಒಂದು ಜಿಲ್ಲೆಯ ಜನರೇ ೨೦೧೧ರ ಗಣತಿಯಲ್ಲಿ ಇಪ್ಪತ್ತೊಂದು ಲಕ್ಷವನ್ನು ದಾಟಿದ್ದರೆಂಬುದನ್ನು ನೆನೆದರೆ ಆ ರಾಷ್ಟ್ರದ ಅಳತೆಯು ವಾಚಕರ ಕಣ್ಣಿಗೆ ಕಟ್ಟುವದು. ಅಲ್ಲಿಯ ಊರುಗಳ ಹೆಸರುಗಳು ನಮ್ಮ ಕಿವಿಗೆ ವಿನೋದವಾಗಿ ಕೇಳುವವು. ವಿಮಾನವು ಇಳಿಯುವ ಊರನ್ನು ಅಲ್ಲಿಯವರು ‘ನಾಂದಿ’ ಎನ್ನುವರು. ಕಾಲ್ಚೆಂಡಿನ ಹುಚ್ಚು ಅತಿಯಾಗಿರುವ ಊರಿನ ಹೆಸರೇ ‘ಬಾ’. ಎದುರಾದವರಿಗೆ ನಮಸ್ಕಾರವೆನ್ನುವ ಬದಲು ‘ಬೂಲಾ’ ಎನ್ನುವರು. ಅದರ ಅರ್ಥವು ಬದುಕು ಎಂದು. ಅವರ ರಾಷ್ಟ್ರದ ಕಾಲ್ಚೆಂಡಿನ ತಂಡಕ್ಕೆ ‘ಬೂಲಾ ಹುಡುಗರು’ ಎಂಬುದೇ ಮುದ್ದಿನ ಹೆಸರು.

೧೮೭೪ನೆಯ ಇಸವಿಯಲ್ಲಿ ಈ ದ್ವೀಪಗಳು ಬ್ರಿಟಿಷರ ಕೈಸೇರಿದವು. ಅಲ್ಲಿ ಕಬ್ಬನ್ನು ಬೆಳೆದು ಸಕ್ಕರೆಯನ್ನು ಮಾಡಬೇಕೆಂಬುದು ಅವರ ಆಸೆ. ಆದರೆ ಮೂಲನಿವಾಸಿಗಳಾದ ಇತೌಕೇಯಿ ಜನರನ್ನು ಅವರ ಹಳ್ಳಿಗಳಿಂದ ಕಿತ್ತು ತೋಟಗಳಿಗೆ ದುಡಿಸಬಾರದೆಂದು ಅಂದಿನ ಗವರ್ನರನು ನಿಶ್ಚಯಿಸಿದನು. ಹಾಗಾದರೆ ದುಡಿಯುವವರಾರು? ಹಿಂದುಸ್ತಾನದ ಬಡವರು! ೧೮೭೯ನೆಯ ಇಸವಿಯ ಮೇ ತಿಂಗಳ ೧೪ನೆಯ ದಿನ ‘ಲಿಯೋನಿಡಾಸ್’ ಎಂಬ ಹಡಗು ಕಲಕತ್ತೆಯಿಂದ ಮೊದಲನೆಯ ತಂಡವನ್ನು ಹೊತ್ತು ಅಲ್ಲಿಗೆ ತಲುಪಿತು. ಅಂದಿನಿಂದ ೧೯೧೬ನೆಯ ಇಸವಿಯ ವರೆಗೆ ಅರುವತ್ತು ಸಾವಿರಕ್ಕೂ ಮಿಕ್ಕಿ ಜನರು ಹೀಗೆ ಹೋದರು. ಮೊದಮೊದಲು ಎಲ್ಲರೂ ಕಲಕತ್ತೆಯಿಂದ ಹೊರಟವರು. ೧೯೦೩ರಿಂದ ಮುಂದೆ ಮದರಾಸಿನ ಬಂದರಿನಿಂದಲೂ ಹಡಗುಗಳು ಹೊರಟುದರಿಂದ ದಕ್ಷಿಣದವರೂ ಆ ಜನಸಮೂಹದಲ್ಲಿ ಸೇರಿದರು.

ಕರಾರು ಐದು ವರ್ಷಗಳದು. ನೇಮಿಸಿದ ಕೆಲಸವನ್ನು ಪೂರ್ತಿ ಮುಗಿಸಿದ ಗಂಡಸಿಗೆ ದಿನಕ್ಕೊಂದು ಶಿಲಿಂಗು, ಹೆಂಗಸಿಗೆ ಒಂಬತ್ತು ಪೆನ್ಸು. ವಾಸಕ್ಕೆ ಸಾಲುಮನೆಗಳು; ಹತ್ತು ಅಡಿಗೆ ಏಳು ಅಡಿ ಅಳತೆಯ ಒಂದು ಖೋಲಿಯಲ್ಲಿ ಮೂವರು ಒಂಟಿ ಗಂಡಸರು, ಇಲ್ಲವೇ ಒಂದು ಸಂಸಾರ. ನೂರು ಗಂಡಸರಿಗೆ ನಾಲ್ವತ್ತು ಹೆಂಗಸರೆಂಬ ಲೆಕ್ಕದಲ್ಲಿ ಜನರನ್ನು ಒಯ್ದುದರಿಂದ ಆ ಸಾಲುಮನೆಗಳಲ್ಲಿ ಹೆಣ್ಣುಮಕ್ಕಳ ಬಾಳು ಎಷ್ಟು ಕಷ್ಟದ್ದಾಗಿತ್ತೆಂಬುದನ್ನು ಗೃಹಿಣಿಯರು ತಾವೇ ಊಹಿಸಿಕೊಳ್ಳಬಹುದು. ಅಲ್ಲಿ ಇಪ್ಪತ್ತೊಂದು ವರ್ಷ ಕಳೆದು ಮರಳಿದ ತೋತಾರಾಮ ಸನಾಢ್ಯರು ಹಿಂದಿಯಲ್ಲಿ ಆ ಕಥೆಯನ್ನು ಹೇಳಿದರು. ದೀನಬಂಧು ಆಂಡ್ರೂಸರು ೧೯೧೫ರಲ್ಲಿ ಅಲ್ಲಿಗೆ ಹೋಗಿ ಕಣ್ಣಾರೆ ಕಂಡು ಬಂದು ದೇಶಕ್ಕೆ ತಿಳಿಸಿದರು. ದೇಶದಲ್ಲಿ ಕೂಗೆದ್ದಿತು. ಕಡೆಗೆ ೧೯೨೦ನೆಯ ಇಸವಿಯ ಮೊದಲನೆಯ ದಿನ ಉಳಿದ ಕರಾರುಗಳೆಲ್ಲ ರದ್ದಾದವು. ಆದರೆ ಹೋದವರಲ್ಲಿ ಬಹುಪಾಲಿನವರು ಮರಳಲಿಲ್ಲ. ಅಲ್ಲಿಯ ನೆಲದಲ್ಲಿಯೇ ಗೇಣಿಗೆ ಹೊಲವನ್ನು ಹಿಡಿದು, ಕಬ್ಬನ್ನು ಬೆಳೆದು, ಮಕ್ಕಳಿಗೆ ಶಾಲೆಗಳನ್ನು ಕಟ್ಟಿ ನಿಂತರು. ನೆಲದ ಬಹುಭಾಗವು ಇತೌಕೇಯಿ ಜನರ ಕುಲಗಳಿಗೆ ಸೇರಿದುದು. ಅದನ್ನು ಮಾರಲಾಗದು, ಕೊಳ್ಳಲಾಗದು. ಹೀಗಾಗಿ ಮೂರು ತಲೆಮಾರು ಉತ್ತ ಹೊಲವೂ ತನ್ನದೆಂದು ಹೇಳಲು ಬಾರದಂಥ ಸ್ಥಿತಿಯು ಅವರದಾಯಿತು.

ಇಂಥ ಜನರ ಕೈಗೆ, ಅಲ್ಲ, ಕಾಲಿಗೆ ಕಾಲ್ಚೆಂಡು ಸಿಕ್ಕಿತು. ಬಿಳಿಯರು ತಂದ ಆಟಗಳಲ್ಲಿ ರಗ್ಬಿಯು ಇತೌಕೇಯಿ ಜನರ ಪ್ರಾಣವಾಯಿತು. ದೊಡ್ಡ ಮೈಕಟ್ಟಿನ, ಬಲಿಷ್ಠ ತೋಳಿನ ಆ ಜನರಿಗೆ ಅದು ಹೇಳಿ ಮಾಡಿಸಿದ ಆಟ. ಗಿರ್‌ಮಿಟಿಯಾಗಳ ಮಕ್ಕಳು ಕಾಲ್ಚೆಂಡನ್ನು ತಮ್ಮದಾಗಿ ಮಾಡಿಕೊಂಡರು. ಅದಕ್ಕೆ ಬೇಕಾದುದೇನು? ಒಂದು ಚೆಂಡು, ಕಬ್ಬು ಕಡಿದಾದ ಮೇಲಿನ ಒಂದು ಬಯಲು, ದಣಿವನ್ನು ಮರೆಯುವ ಮನಸ್ಸು. ೧೯೩೮ನೆಯ ಇಸವಿಯಲ್ಲಿ ‘ಫೀಜಿ ಇಂಡಿಯನ್ ಫುಟ್‌ಬಾಲ್ ಸಂಘ’ವು ಸ್ಥಾಪಿತವಾಗಿ, ಅದೇ ವರ್ಷ ಜಿಲ್ಲೆ ಜಿಲ್ಲೆಗಳ ತಂಡಗಳ ನಡುವೆ ಪಂದ್ಯಾವಳಿಯು ಮೊದಲಾಯಿತು. ಅದು ಇಂದಿಗೂ ನಡೆದುಬಂದಿದೆ. ನಮ್ಮಲ್ಲಿ ಜಾತ್ರೆಗೆ ಮಗಳು ಅಳಿಯಂದಿರು ಬರುವಂತೆ ಅಲ್ಲಿ ಆ ಪಂದ್ಯಗಳ ಹೊತ್ತಿಗೆ ದೂರದೂರದ ಬಂಧುಗಳು ಕೂಡುವರು.

ಸಂಘದ ಹೆಸರಿನಲ್ಲಿ ‘ಇಂಡಿಯನ್’ ಎಂಬ ಮಾತಿದ್ದುದನ್ನು ವಾಚಕರು ಗಮನಿಸಿರಬಹುದು. ಅಂದು ಆ ದೇಶದಲ್ಲಿ ಎಲ್ಲವೂ ಹಾಗೆಯೇ ಇದ್ದಿತು. ಶಾಲೆ ಬೇರೆ, ಓಣಿ ಬೇರೆ, ಮತದ ಪಟ್ಟಿ ಬೇರೆ, ಆಟವೂ ಬೇರೆ. ೧೯೬೧ನೆಯ ಇಸವಿಯಲ್ಲಿ ಸಂಘದವರು ಒಂದು ಕೆಲಸವನ್ನು ಮಾಡಿದರು. ತಮ್ಮ ಹೆಸರಿನೊಳಗಿನ ‘ಇಂಡಿಯನ್’ ಎಂಬ ಮಾತನ್ನು ತೆಗೆದುಹಾಕಿ, ಬಾಗಿಲನ್ನು ಸರ್ವರಿಗೂ ತೆರೆದರು. ಕಟ್ಟಿ ಬೆಳೆಸಿದವರು ತಾವು. ಆದರೂ ಅದು ತಮ್ಮೊಬ್ಬರದೇ ಅಲ್ಲವೆಂದು ಒಪ್ಪಿಕೊಂಡರು. ಇಂದು ರಾಷ್ಟ್ರದ ತಂಡದಲ್ಲಿ ಇತೌಕೇಯಿ ಆಟಗಾರರೇ ಹೆಚ್ಚು. ಅವರ ಪಕ್ಕದಲ್ಲಿ ಒಬ್ಬ ಸಿಂಗನೋ ಒಬ್ಬ ಕೃಷ್ಣನೋ ನಿಂತಿರುವನು. ೧೯೬೧ರ ಆ ಚಿಕ್ಕ ಕೆಲಸವು ಎಷ್ಟು ದೊಡ್ಡದೆಂಬುದು ಮುಂದಿನ ಸಂಗತಿಗಳಿಂದ ಗೊತ್ತಾಗುವದು.

ಫೀಜಿಯು ೧೯೫೧ನೆಯ ಇಸವಿಯಲ್ಲಿ ಸೂವಾ ಪಟ್ಟಣದಲ್ಲಿ ನ್ಯೂಜಿಲೆಂಡಿನೊಡನೆ ತನ್ನ ಮೊದಲನೆಯ ಅಂತರರಾಷ್ಟ್ರೀಯ ಪಂದ್ಯವನ್ನಾಡಿ ನಾಲ್ಕಕ್ಕೆ ಆರು ಗೋಲುಗಳಿಂದ ಸೋತಿತು. ೧೯೭೦ನೆಯ ಇಸವಿಯ ಅಕ್ಟೋಬರ ೧೦ರಂದು ರಾಷ್ಟ್ರವು ಸ್ವತಂತ್ರವಾಯಿತು. ಚಿಕ್ಕ ರಾಷ್ಟ್ರದ ತಂಡಕ್ಕೆ ಸೋಲು ನಿತ್ಯದ ನೆಂಟ. ೧೯೮೧ರಲ್ಲಿ ನ್ಯೂಜಿಲೆಂಡಿನವರು ಹದಿಮೂರು ಗೋಲುಗಳನ್ನು ಹೊಡೆದು ಒಂದನ್ನೂ ಕೊಡದೆ ಕಳುಹಿದರು. ಈ ಸಾಗರದಲ್ಲಿ ಫೀಜಿಗಿಂತ ಚಿಕ್ಕವರೂ ಉಂಟು. ೨೦೦೧ನೆಯ ಇಸವಿಯಲ್ಲಿ ಅಮೇರಿಕನ್ ಸಮೋವಾ ಎಂಬ ಪುಟ್ಟ ದ್ವೀಪದ ತಂಡವು ಆಸ್ಟ್ರೇಲಿಯದ ಕೈಯಲ್ಲಿ ಮೂವತ್ತೊಂದು ಗೋಲುಗಳಿಂದ ಸೋತು ಜಗತ್ತಿನ ನಗೆಗೀಡಾಯಿತು. ಹತ್ತು ವರ್ಷಗಳ ಮೇಲೆ, ೨೦೧೧ರಲ್ಲಿ, ಅದೇ ದ್ವೀಪದವರು ಟೋಂಗಾ ತಂಡವನ್ನು ಎರಡಕ್ಕೆ ಒಂದರಿಂದ ಗೆದ್ದು ಕಣ್ಣೀರು ಸುರಿಸಿದರು. ಸೋಲನ್ನು ಉಂಡವರಿಗೇ ಗೆಲುವಿನ ರುಚಿಯು ಗೊತ್ತು.

ಫೀಜಿಗೂ ಅಂಥ ದಿನಗಳುಂಟು. ಆದರೆ ಅವುಗಳನ್ನು ಹೇಳುವ ಮೊದಲು ಒಂದು ದುಃಖದ ಸಂಗತಿಯನ್ನು ಹೇಳಬೇಕು. ೧೯೮೭ನೆಯ ಇಸವಿಯಲ್ಲಿ ನಡೆದ ಚುನಾವಣೆಯಲ್ಲಿ, ಭಾರತೀಯ ಮೂಲದವರು ಹೆಚ್ಚಾಗಿ ಬೆಂಬಲಿಸಿದ ಸರಕಾರವು ಅಧಿಕಾರಕ್ಕೆ ಬಂದಿತು. ಮೇ ತಿಂಗಳ ೧೪ನೆಯ ದಿನ—ಲಿಯೋನಿಡಾಸ್ ಹಡಗು ತಲುಪಿದ ದಿನಕ್ಕೆ ಸರಿಯಾಗಿ ೧೦೮ ವರ್ಷಗಳಿಗೆ—ಸೇನೆಯವರು ಸಂಸತ್ತನ್ನು ಹೊಕ್ಕು ಆ ಸರಕಾರವನ್ನು ಕೆಡವಿದರು. ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಅದೇ ಆಯಿತು. ನಾಲ್ಕು ತಲೆಮಾರು ಬಾಳಿದವರಿಗೆ, ಈ ದೇಶವು ನಿಮ್ಮದಲ್ಲವೆಂದು ಬಂದೂಕಿನ ಬಾಯಿಂದ ಹೇಳಿದಂತಾಯಿತು. ಸಾವಿರಾರು ಕುಟುಂಬಗಳು ಎರಡನೆಯ ಸಲ ಗುಳೇ ಎದ್ದವು. ಈ ಸಲ ಆಸ್ಟ್ರೇಲಿಯಕ್ಕೆ, ನ್ಯೂಜಿಲೆಂಡಿಗೆ, ಕೆನಡಕ್ಕೆ. ಒಂದು ಕಾಲಕ್ಕೆ ದೇಶದ ಅರ್ಧದಷ್ಟಿದ್ದ ಭಾರತೀಯ ಮೂಲದವರು ೨೦೦೭ರ ಗಣತಿಯ ಹೊತ್ತಿಗೆ ನೂರಕ್ಕೆ ಮೂವತ್ತೇಳರಷ್ಟಾಗಿದ್ದರು.

ಆ ೧೯೮೭ರ ಎರಡು ದಂಗೆಗಳ ನಡುವೆ, ಆಗಸ್ಟ ತಿಂಗಳಲ್ಲಿ, ವನುವಾ ಲೇವು ದ್ವೀಪದ ಲಂಬಾಸಾ ಎಂಬ ಊರಿನಲ್ಲಿ ಭಾರತೀಯ ಮೂಲದ ಮನೆಯೊಂದರಲ್ಲಿ ಒಂದು ಗಂಡುಮಗುವು ಹುಟ್ಟಿತು. ಲಂಬಾಸಾ ಎಂದರೆ ೧೮೯೪ರಿಂದಲೂ ಸಕ್ಕರೆಯ ಕಾರಖಾನೆಯಿರುವ, ಸುತ್ತ ಕಬ್ಬಿನ ಹೊಲಗಳೇ ತುಂಬಿರುವ ಊರು. ಆ ಮಗುವಿನ ಹೆಸರು ರಾಯ್ ಕೃಷ್ಣ. ಹಿಪ್ಪರಗಿಯ ಮುದುಕರು ‘ಯಾವ ಊರಾಂವ’ ಎಂದು ಕೇಳಿದ್ದು ಇವನನ್ನೇ.

ದೇಶವು ಹೀಗೆ ಒಡೆದ ಮನೆಯಾಗಿರಲು, ಮರುವರ್ಷ, ೧೯೮೮ನೆಯ ಇಸವಿಯ ನವೆಂಬರ ೨೬ರಂದು, ನಾಂದಿ ಪಟ್ಟಣದಲ್ಲಿ ವಿಶ್ವಕಪ್ಪಿನ ಅರ್ಹತೆಯ ಪಂದ್ಯದಲ್ಲಿ ಫೀಜಿಯು ಆಸ್ಟ್ರೇಲಿಯವನ್ನು ಒಂದು ಗೋಲಿನಿಂದ ಸೋಲಿಸಿತು. ಅದನ್ನು ಹೊಡೆದವನು ರಾವುಆಮಾ ಮಾಡಿಗಿ ಎಂಬ ಇತೌಕೇಯಿ ಆಟಗಾರನು. ಆಸ್ಟ್ರೇಲಿಯದ ನೆಲದಲ್ಲಿ ನಡೆದ ಮರುಪಂದ್ಯದಲ್ಲಿ ಫೀಜಿಯು ಒಂದಕ್ಕೆ ಐದರಿಂದ ಸೋತು ಹೊರಬಿದ್ದಿತೆಂಬುದು ನಿಜ. ಆದರೂ ನಾಂದಿಯ ಆ ಸಂಜೆಯಲ್ಲಿ ಗೋಲಿನ ಬಲೆಯು ಅಲುಗಿದಾಗ, ಕುಣಿದವರಲ್ಲಿ ಯಾರು ಯಾವ ಮೂಲದವರೆಂದು ಕೇಳಲು ಯಾರಿಗೂ ಪುರಸೊತ್ತು ಇದ್ದಿರಲಾರದು.

ಕಾಲ್ಚೆಂಡಾಟವು ರಾಜಕೀಯದ ರೋಗಕ್ಕೆ ಮದ್ದೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾದೀತು. ೨೦೦೦ದಲ್ಲಿ ಮತ್ತೆ ದಂಗೆಯಾಯಿತು, ೨೦೦೬ರಲ್ಲಿ ಮತ್ತೊಂದು ಆಯಿತು. ಈ ಕೊನೆಯ ದಂಗೆಯ ಬಿಸಿಯು ತಂಡಕ್ಕೇ ತಗುಲಿತು. ನ್ಯೂಜಿಲೆಂಡ ಸರಕಾರವು ದಂಗೆಯನ್ನು ಖಂಡಿಸಿ, ಫೀಜಿಯ ಸೈನಿಕರಿಗೂ ಅವರ ಕುಟುಂಬದವರಿಗೂ ತನ್ನ ದೇಶದೊಳಗೆ ಪ್ರವೇಶವಿಲ್ಲವೆಂದು ನಿಯಮಮಾಡಿತು. ೨೦೦೭ರಲ್ಲಿ ವಿಶ್ವಕಪ್ಪಿನ ಅರ್ಹತೆಯ ಪಂದ್ಯಕ್ಕಾಗಿ ಫೀಜಿಯ ತಂಡವು ಅಲ್ಲಿಗೆ ಹೊರಡಬೇಕಾಗಿತ್ತು. ಗೋಲನ್ನು ಕಾಯುವ ಸಿಮಿಯೋನೆ ತಮನಿಸೌ ಎಂಬವನಿಗೆ ಮಾತ್ರ ಅಪ್ಪಣೆಯು ದೊರೆಯಲಿಲ್ಲ. ಅವನ ಸಂಗಾತಿಯ ತಂದೆಯು ಸೇನೆಗೆ ಸಂಬಂಧಪಟ್ಟವನೆಂಬುದೇ ಕಾರಣ. ಪಂದ್ಯವು ನಿಂತುಹೋಯಿತು. ಕಡೆಗೆ ಅದನ್ನು ೨೦೦೮ನೆಯ ಇಸವಿಯ ನವೆಂಬರದಲ್ಲಿ ಫೀಜಿಯ ಲೌತೋಕಾದಲ್ಲಿಯೇ ಆಡಿಸಬೇಕಾಯಿತು. ಅಂದು ಫೀಜಿಯು ಎರಡು ಗೋಲುಗಳಿಂದ ಗೆದ್ದಿತು. ಎರಡನ್ನೂ ಹೊಡೆದವನು ಲಂಬಾಸಾದ ರಾಯ್ ಕೃಷ್ಣ, ಇಪ್ಪತ್ತೊಂದು ವರ್ಷದ ಹುಡುಗ. ಗುಂಪಿನಲ್ಲಿ ಮೇಲುಗೈಯು ಆಗಲೇ ನ್ಯೂಜಿಲೆಂಡಿನದಾಗಿದ್ದುದರಿಂದ ಆ ಗೆಲುವಿನಿಂದ ಫೀಜಿಗೆ ಮುಂದಿನ ದಾರಿಯೇನೂ ತೆರೆಯಲಿಲ್ಲ. ಆದರೆ ತಮನಿಸೌನಿಗೂ ಕೃಷ್ಣನಿಗೂ ಕೂಡಿಯೇ ಇನ್ನೊಂದು ದಿನವು ಕಾದಿತ್ತು.

೨೦೧೫ರ ಜುಲೈ ತಿಂಗಳಲ್ಲಿ ಪಪುವಾ ನ್ಯೂಗಿನಿಯ ಪೋರ್ಟ್ ಮೋರ್ಸ್‌ಬಿಯಲ್ಲಿ ಶಾಂತಸಾಗರದ ಕ್ರೀಡೋತ್ಸವವು ನಡೆದಾಗ, ಒಲಿಂಪಿಕ್ ಕ್ರೀಡೆಗಳಿಗೆ ಈ ಸಾಗರದಿಂದ ಯಾವ ಯುವತಂಡವು ಹೋಗಬೇಕೆಂಬುದೂ ಅಲ್ಲಿಯೇ ನಿರ್ಣಯವಾಗಬೇಕಿತ್ತು. ಫೀಜಿಯ ಹುಡುಗರು ಮೈಕ್ರೋನೇಷಿಯ ಎಂಬ ತಂಡದ ಮೇಲೆ ಮೂವತ್ತೆಂಟು ಗೋಲುಗಳನ್ನು ಹೊಡೆದರು. ಬಲಿಷ್ಠರಾದ ನ್ಯೂಜಿಲೆಂಡಿನವರು ನಿಯಮಕ್ಕೆ ಒಪ್ಪದ ಆಟಗಾರನನ್ನು ಆಡಿಸಿದರೆಂದು ಉಪಾಂತ್ಯದ ಗೆಲುವನ್ನು ಕಳೆದುಕೊಂಡರು. ಅಂತಿಮ ಪಂದ್ಯದಲ್ಲಿ ಫೀಜಿಯೂ ವನುವಾಟುವೂ ಒಂದೂ ಗೋಲಿಲ್ಲದೆ ಸಮವಾಗಿ ನಿಂತು, ಪೆನಾಲ್ಟಿ ಒದೆತಗಳಲ್ಲಿ ಮೂರಕ್ಕೆ ನಾಲ್ಕರಿಂದ ಫೀಜಿಯು ಗೆದ್ದಿತು. ಹೀಗೆ ಆ ರಾಷ್ಟ್ರವು ಮೊಟ್ಟಮೊದಲ ಬಾರಿಗೆ ಒಲಿಂಪಿಕ್ ಕಾಲ್ಚೆಂಡಿನ ಅಂಗಳವನ್ನು ತುಳಿಯುವಂತಾಯಿತು. ಇಪ್ಪತ್ಮೂರು ವರ್ಷದೊಳಗಿನವರ ಆ ತಂಡದಲ್ಲಿ ಮೂವರು ಮಾತ್ರ ಹಿರಿಯರಿರಬಹುದೆಂಬುದು ನಿಯಮ. ಹಾಗೆ ಆರಿಸಲ್ಪಟ್ಟವರಲ್ಲಿ ಕೃಷ್ಣನೂ ತಮನಿಸೌನೂ ಇದ್ದರು, ಕೃಷ್ಣನೇ ನಾಯಕ.

೨೦೧೬ನೆಯ ಇಸವಿಯ ಆಗಸ್ಟ ೪ರಂದು ಬ್ರೆಜಿಲ್ ದೇಶದ ಸಾಲ್ವಡೋರ್ ಪಟ್ಟಣದಲ್ಲಿ ದಕ್ಷಿಣ ಕೊರಿಯದವರು ಫೀಜಿಯ ಮೇಲೆ ಎಂಟು ಗೋಲುಗಳನ್ನು ಹೊಡೆದರು. ಮೂರು ದಿನಗಳ ತರುವಾಯ, ಹಿಂದಿನ ಒಲಿಂಪಿಕ್‌ನಲ್ಲಿ ಚಿನ್ನವನ್ನು ಗೆದ್ದಿದ್ದ ಮೆಕ್ಸಿಕೋ ತಂಡವು ಎದುರಾಯಿತು. ಪಂದ್ಯವು ಆರಂಭವಾಗಿ ಹತ್ತನೆಯ ನಿಮಿಷ. ಚೆಂಡು ಬಲೆಯೊಳಗೆ ಬಿದ್ದಿತು; ಆದರೆ ಬಿದ್ದದ್ದು ಮೆಕ್ಸಿಕೋದ ಬಲೆಯಲ್ಲಿ! ಹೊಡೆದವನು ಕೃಷ್ಣ. ಒಲಿಂಪಿಕ್ ಕಾಲ್ಚೆಂಡಿನಲ್ಲಿ ಫೀಜಿಯ ಮೊದಲನೆಯ ಗೋಲು ಅದು. ವಿಶ್ರಾಂತಿಯ ವರೆಗೂ ಫೀಜಿಯೇ ಮುಂದಿತ್ತು. ಒಂಬತ್ತು ಲಕ್ಷ ಜನರ ರಾಷ್ಟ್ರವು ಒಲಿಂಪಿಕ್ ಚಾಂಪಿಯನ್ನರನ್ನು ಅರ್ಧ ತಾಸಿಗೂ ಹೆಚ್ಚು ಹೊತ್ತು ಹಿಂದಿಟ್ಟಿತು. ಉತ್ತರಾರ್ಧದಲ್ಲಿ ಮೆಕ್ಸಿಕೋದವರು ಐದು ಗೋಲುಗಳನ್ನು ಹೊಡೆದು ಗೆದ್ದರು. ಆಗಸ್ಟ ೧೦ರಂದು ಜರ್ಮನಿಯವರು ಹತ್ತು ಹೊಡೆದರು. ಮೂರು ಪಂದ್ಯಗಳಲ್ಲಿ ಕೊಟ್ಟದ್ದು ಇಪ್ಪತ್ಮೂರು, ಪಡೆದದ್ದು ಒಂದು.

ಮರುದಿನವೇ, ಆಗಸ್ಟ ೧೧ರಂದು, ಅದೇ ಕ್ರೀಡೋತ್ಸವದಲ್ಲಿ ಫೀಜಿಯ ಏಳು ಜನರ ರಗ್ಬಿ ತಂಡವು ಬ್ರಿಟನ್ನನ್ನು ಏಳಕ್ಕೆ ನಾಲ್ವತ್ಮೂರರಿಂದ ಸೋಲಿಸಿ ದೇಶಕ್ಕೆ ಮೊಟ್ಟಮೊದಲನೆಯ ಒಲಿಂಪಿಕ್ ಪದಕವನ್ನು, ಅದೂ ಚಿನ್ನವನ್ನೇ, ತಂದಿತು. ಒಮ್ಮೆ ತಮ್ಮನ್ನು ಆಳಿದವರ ಮೇಲೆಯೇ ಈ ಗೆಲುವು! ದೇಶವು ಹರ್ಷದಿಂದ ಹುಚ್ಚಾಯಿತು. ಅದರ ನೆನಪಿಗೆ ಸರಕಾರವು ಏಳು ಡಾಲರಿನ ಒಂದು ನೋಟನ್ನೇ ಅಚ್ಚುಹಾಕಿಸಿತು. ಕಾಲ್ಚೆಂಡಿನ ಆ ಒಂದು ಗೋಲಿಗೆ ಯಾವ ನೋಟೂ ಇಲ್ಲ. ಹಾಗೆಂದು ಅದಕ್ಕೆ ಬೆಲೆಯಿಲ್ಲವೆನ್ನಬಹುದೇ?

ಇಲ್ಲಿ ನಮ್ಮ ನಾಡಿನದೇ ಒಂದು ಸಂಗತಿಯು ನೆನಪಾಗುವದು. ೧೯೪೮ನೆಯ ಇಸವಿಯ ಜುಲೈ ೩೧ರಂದು, ಲಂಡನ್ನಿನ ಒಲಿಂಪಿಕ್ ಕ್ರೀಡೆಗಳಲ್ಲಿ, ಸ್ವತಂತ್ರ ಭಾರತದ ಕಾಲ್ಚೆಂಡಿನ ತಂಡವು ಫ್ರಾನ್ಸಿನೊಡನೆ ಆಡಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. ಬೆಂಗಳೂರಿನ ಅಹಮದ್ ಖಾನ್ ಮುಂತಾದವರು ಆ ತಂಡದಲ್ಲಿದ್ದರು. ಫ್ರಾನ್ಸಿನವರು ಒಂದು ಗೋಲು ಹೊಡೆದು ಮುಂದಿರಲು, ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ನರು ಅದನ್ನು ಸಮಮಾಡಿದರು. ಸ್ವತಂತ್ರ ಭಾರತವು ಒಲಿಂಪಿಕ್ ಕಾಲ್ಚೆಂಡಿನಲ್ಲಿ ಹೊಡೆದ ಮೊದಲನೆಯ ಗೋಲು ಅದು. ಎರಡು ಪೆನಾಲ್ಟಿ ಒದೆತಗಳು ವ್ಯರ್ಥವಾಗಿ, ಕಡೆಯ ಗಳಿಗೆಯಲ್ಲಿ ಫ್ರಾನ್ಸಿನವರು ಇನ್ನೊಂದು ಹೊಡೆದು, ನಮ್ಮವರು ಒಂದಕ್ಕೆ ಎರಡರಿಂದ ಸೋತರು. ಸೋತ ಪಂದ್ಯವದು, ಆದರೂ ಎಪ್ಪತ್ತೈದು ವರ್ಷಗಳ ಮೇಲೆಯೂ ನಾವು ಆ ಬರಿಗಾಲುಗಳನ್ನು ನೆನೆಯುವೆವು. ಹೊಸದಾಗಿ ಹುಟ್ಟಿದ ರಾಷ್ಟ್ರವೊಂದು ಜಗತ್ತಿನ ಮುಂದೆ ‘ನಾನಿದ್ದೇನೆ’ ಎಂದು ಹೇಳಿದ ಕ್ಷಣವದು. ರಾಮನ್ನರ ಗೋಲು ನಮಗೆ ಏನೋ, ಕೃಷ್ಣನ ಗೋಲು ಫೀಜಿಗೆ ಅದೇ.

ಕೃಷ್ಣನ ಮುಂದಿನ ಕಥೆಯನ್ನು ಕ್ರೀಡಾಪ್ರಿಯರು ಬಲ್ಲರು. ನ್ಯೂಜಿಲೆಂಡಿನ ವೆಲಿಂಗ್‌ಟನ್ ತಂಡಕ್ಕಾಗಿ ಆಡಿ, ೨೦೧೮-೧೯ರಲ್ಲಿ ಆಸ್ಟ್ರೇಲಿಯದ ಲೀಗಿನಲ್ಲಿ ಹದಿನೆಂಟು ಗೋಲುಗಳನ್ನು ಹೊಡೆದು ಎಲ್ಲರಿಗೂ ಮುಂದಾದನು. ೨೦೧೯ರಲ್ಲಿ ಭಾರತಕ್ಕೆ, ಕಲಕತ್ತೆಯ ತಂಡಕ್ಕೆ ಬಂದನು. ಲಿಯೋನಿಡಾಸ್ ಹಡಗು ಹೊರಟ ಅದೇ ಕಲಕತ್ತೆಗೆ, ನೂರಾ ನಾಲ್ವತ್ತು ವರ್ಷಗಳ ತರುವಾಯ, ಗಿರ್‌ಮಿಟಿಯಾಗಳ ನಾಡಿನ ಮಗನು ಮರಳಿದನು. ಈ ಸಲದ ಕರಾರಿಗೆ ಹೆಬ್ಬೆಟ್ಟಲ್ಲ, ತನ್ನ ಕೈಯ ರುಜು. ೨೦೨೨-೨೩ರಲ್ಲಿ ಅವನು ಬೆಂಗಳೂರಿನ ತಂಡದವನಾಗಿ ಕಂಠೀರವ ಕ್ರೀಡಾಂಗಣದಲ್ಲಿ ಓಡಾಡಿದನು. ಅದೇ ಸಾಲಿನಲ್ಲಿ, ೨೦೨೨ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ತಂ‍ಡವು ಡ್ಯುರಾಂಡ್ ಕಪ್ಪನ್ನು ಗೆದ್ದಿತು. ಫೀಜಿಯ ತಂಡಕ್ಕಾಗಿ ಎಲ್ಲರಿಗಿಂತ ಹೆಚ್ಚು ಗೋಲುಗಳನ್ನು ಹೊಡೆದವನೂ ಇವನೇ.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುವೆನು. ‘ಫೀಜಿಯನ್’ ಎಂಬ ಮಾತು ಆ ದೇಶದಲ್ಲಿ ಬಹುಕಾಲದ ವರೆಗೆ ಮೂಲನಿವಾಸಿಗಳಿಗೆ ಮಾತ್ರ ಸಲ್ಲುತ್ತಿತ್ತು. ಅಲ್ಲಿಯೇ ಹುಟ್ಟಿ, ಅಲ್ಲಿಯೇ ಸತ್ತರೂ ಉಳಿದವರು ‘ಇಂಡಿಯನ್’ರೇ. ೨೦೧೩ನೆಯ ಇಸವಿಯ ರಾಜ್ಯಘಟನೆಯು ಎಲ್ಲ ಪ್ರಜೆಗಳೂ ಫೀಜಿಯನ್ನರೆಂದು ಸಾರಿತು. ಕಾಯಿದೆಯ ಪುಸ್ತಕದಲ್ಲಿ ಆ ಮಾತು ಬರಲು ೨೦೧೩ರ ವರೆಗೆ ಕಾಯಬೇಕಾಯಿತು. ಕಾಲ್ಚೆಂಡಿನವರಾದರೋ ೧೯೬೧ರಲ್ಲಿಯೇ, ಐವತ್ತೆರಡು ವರ್ಷಗಳ ಮೊದಲೇ, ತಮ್ಮ ಸಂಘದ ಹೆಸರನ್ನು ತಿದ್ದಿಕೊಂಡು ಅದನ್ನು ನಡೆಸಿ ತೋರಿಸಿದ್ದರು. ತಂಡದ ಅಂಗಿಯ ಮೇಲೆ ‘ಫೀಜಿ’ ಎಂದಷ್ಟೇ ಬರೆದಿತ್ತು. ಯಾರ ಫೀಜಿ ಎಂದು ಬರೆದಿರಲಿಲ್ಲ. ದೊಡ್ಡವರು ಸಂಸತ್ತಿನಲ್ಲಿ ಮಾಡಲಾರದುದನ್ನು ಹುಡುಗರು ಬಯಲಿನಲ್ಲಿ ಮಾಡಿದರು. ಚಿಕ್ಕ ರಾಷ್ಟ್ರದ ತಂಡದ ನಿಜವಾದ ಗೆಲುವು ಇದೆಂದು ನನಗನಿಸುವದು.

ತಂಡದ ಕಷ್ಟಗಳೇನೂ ತೀರಿಲ್ಲ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗಿಬರುವ ಖರ್ಚೇ ಹೊರಲಾರದಷ್ಟು. ಫೀಜಿಯು ಒಮ್ಮೆಯೂ ವಿಶ್ವಕಪ್ಪಿನ ಅಂಗಳವನ್ನು ತಲುಪಿಲ್ಲ. ೨೦೨೬ರ ವಿಶ್ವಕಪ್ಪಿಗೆ ಈ ಸಾಗರದ ರಾಷ್ಟ್ರಗಳಿಗೆ ಮೊದಲ ಬಾರಿಗೆ ನೇರವಾದ ಒಂದು ಸ್ಥಾನವು ಮೀಸಲಾಯಿತು. ಆದರೂ ೨೦೨೫ರ ಮಾರ್ಚಿಯಲ್ಲಿ ಉಪಾಂತ್ಯದಲ್ಲಿ ನ್ಯೂಜಿಲೆಂಡಿನವರು ಫೀಜಿಯನ್ನು ಏಳು ಗೋಲುಗಳಿಂದ ಸೋಲಿಸಿ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. ಬೂಲಾ ಹುಡುಗರು ಮತ್ತೆ ಬಯಲಿಗಿಳಿಯುವರು, ಮತ್ತೆ ಸೋಲಲೂಬಹುದು.

ಈಚೆಗೆ ಆಲಮಟ್ಟಿಯ ನೀರು ಹರಿದು ನಮ್ಮ ಸೀಮೆಯಲ್ಲಿಯೂ ಕಬ್ಬು ತಲೆಯೆತ್ತಿ ನಿಂತಿದೆ. ಆದರೂ ಗುಳೇ ಹೋಗುವವರು ಇನ್ನೂ ಹೋಗುತ್ತಲೇ ಇದ್ದಾರೆ. ಅವರ ಮಕ್ಕಳು ಬೇರೊಂದು ಊರಿನ ಶಾಲೆಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾರೆ, ಅಲ್ಲಿಯ ಬಯಲಿನ ಅಂಚಿನಲ್ಲಿ ನಿಂತು ಆಟವನ್ನು ನೋಡುತ್ತಿದ್ದಾರೆ. ಅಂತೆಯೇ ಬೇರೆ ಸೀಮೆಯಿಂದ ನಮ್ಮೂರಿಗೆ ದುಡಿಯಲು ಬಂದವರ ಮಕ್ಕಳೂ ನಮ್ಮ ಬಯಲಿನ ಅಂಚಿನಲ್ಲಿ ನಿಂತಿರುವರು. ಅವರನ್ನು ಒಳಗೆ ಕರೆಯುವರೋ ಇಲ್ಲವೋ ಎಂಬುದರ ಮೇಲೆ ಒಂದು ಊರಿನ ದೊಡ್ಡತನವು ನಿಂತಿರುವದು. ಹಿಪ್ಪರಗಿಯ ಮುದುಕರು ‘ಯಾವ ಊರಾಂವ’ ಎಂದು ಕೇಳಿದಾಗ ಅಂಗಡಿಯ ಹುಡುಗನು ತಡೆಯಿಲ್ಲದೆ ಕೊಟ್ಟ ಉತ್ತರವು ನನಗೀಗಲೂ ಕೇಳುವಂತಿದೆ: “ಫೀಜಿ ದೇಶದಾಂವರೀ ಅಜ್ಜಾರ.” ಆ ಹುಡುಗನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಆ ಉತ್ತರವು ಹಾಗೆ ಸಲೀಸಾಗಿ ಬರಲು ನೂರಾ ನಾಲ್ವತ್ತು ವರ್ಷಗಳೂ, ಒಂದು ಕಾಲ್ಚೆಂಡೂ ಬೇಕಾದವು.